ಕತ್ತೆಕಿರುಬದ ದಿನ

ಹೋದ ತಿಂಗಳು ಮುಂಬೈಯ ಜೋಗೇಶ್ವರಿ ಈಸ್ಟಿನಲ್ಲಿರುವ ಗೆಳತಿಯ ಹೊಸ ಮನೆಗೆ ಹೋಗುತ್ತಿದ್ದೆ. ಟ್ರಾಫಿಕ್ ತಪ್ಪಿಸಲೆಂದು ರಿಕ್ಷಾದವನು ಎಮ್ಮೆಗಳನ್ನು ಕಟ್ಟುವ ಒಂದು ತಬೇಲಾದ ಹಿಂದಿನ ಗಲ್ಲಿಗೆ ತಿರುಗಿಸಿದ. ಮಳೆ ಆಗಷ್ಟೇ ನಿಂತಿತ್ತು. ನೆನೆದ ಹುಲ್ಲು, ಅದರ ಮೇಲೆ ಸುರಿದ ಫಿನಾಯಿಲ್, ಹತ್ತಿರದ ಮಾಂಸದಂಗಡಿಯ ಹಳೆಯ ಎಲುಬು, ಮೂರೂ ಸೇರಿದ ವಾಸನೆ ಒಮ್ಮೆಲೇ ಮುಖಕ್ಕೆ ಹೊಡೆಯಿತು. ದುಪಟ್ಟಾ ಮೂಗಿಗೆ ಹೋಗುವಷ್ಟರಲ್ಲಿ ಕೈ ಅರ್ಧದಲ್ಲೇ ನಿಂತಿತು. ಕನ್ನಡಿಯಲ್ಲಿ ನೋಡಿದ ರಿಕ್ಷಾದವನು, "ಮೇಡಮ್, ತಬಿಯತ್ ಠೀಕ್ ಹೈ?" ಎಂದು ಕೇಳಿದ. ಠೀಕ್ ಹೈ ಎಂದೆ. ಆದರೆ ಗೆಳತಿಯ ಮನೆಯಲ್ಲಿ ಚಹಾ ಕುಡಿಯುವಾಗಲೂ ನನ್ನ ಮನಸ್ಸು ಅಲ್ಲಿರಲಿಲ್ಲ. ಮೂರು ವರ್ಷದ ಹಿಂದಿನ ಒಂದು ಮಳೆಗಾಲಕ್ಕೆ ಹೋಗಿ ಕೂತುಬಿಟ್ಟಿತ್ತು.

ಆಗ ನನಗೆ ಇಪ್ಪತ್ತೇಳು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಎರಡು ವರ್ಷ ಕೋಚಿಂಗ್ ಕ್ಲಾಸಿನಲ್ಲಿ ಒಂದೇ ಪಾಠ ಹೇಳಿ ಹೇಳಿ ಬೇಸತ್ತಿದ್ದೆ. ಅಷ್ಟರಲ್ಲಿ ಒಂದು ಟ್ರಸ್ಟ್ ನಡೆಸುತ್ತಿದ್ದ ಪುಟ್ಟ ಮೃಗಾಲಯದಲ್ಲಿ ಕೆಲಸ ಸಿಕ್ಕಿತು. ಅದರ ಹೆಸರು ಇಲ್ಲಿ ಬೇಡ. ಊರಿಗೆಲ್ಲ ಗೊತ್ತಿರುವ ದೊಡ್ಡ ಮೃಗಾಲಯವಲ್ಲ ಅದು. ಗುಡ್ಡದ ಬುಡದಲ್ಲಿ, ಸಣ್ಣ ಸಣ್ಣ ವರ್ಕ್‌ಶಾಪುಗಳನ್ನು ದಾಟಿ ಹೋದರೆ ಒಂದು ಗೇಟು. ಒಳಗೆ ಒಂದಷ್ಟು ಜಿಂಕೆ, ಕೋತಿ, ಎರಡು ಮೊಸಳೆ, ಪುನುಗು ಬೆಕ್ಕು, ಹಕ್ಕಿಗಳು, ಒಂದು ಕತ್ತೆಕಿರುಬ. ಶಾಲೆಗಳಿಂದ ಬರುವ ಮಕ್ಕಳಿಗೆ ಪ್ರಾಣಿಗಳ ಬಗ್ಗೆ ಹೇಳುವುದು, ಬೋರ್ಡು ಬರೆಯುವುದು ನನ್ನ ಕೆಲಸ.

ನಮ್ಮದು ಮಂಡ್ಯದ ಕಡೆಯ ಮನೆತನ. ಅಪ್ಪ ಬ್ಯಾಂಕಿನ ಕೆಲಸಕ್ಕೆಂದು ಬಂದು ಸಯನ್‌ನಲ್ಲಿ ನೆಲೆಸಿದವರು. ನಾನು ಹುಟ್ಟಿದ್ದು, ಓದಿದ್ದು ಎಲ್ಲ ಇಲ್ಲೇ. ದಿನಾ ಬೆಳಿಗ್ಗೆ ಸಯನ್‌ನಿಂದ ದಾದರ್, ಅಲ್ಲಿ ಸೇತುವೆ ಹತ್ತಿಳಿದು ವೆಸ್ಟರ್ನ್ ಲೈನಿನ ಸ್ಲೋ ಲೋಕಲ್, ಜೋಗೇಶ್ವರಿಯಲ್ಲಿ ಇಳಿದು ಶೇರ್ ರಿಕ್ಷಾ. ಆ ವರ್ಷ ಜೂನಿನಲ್ಲೇ ಎರಡು ಸಲ ಹಳಿಗಳ ಮೇಲೆ ನೀರು ನಿಂತು ದಾದರಿನಿಂದಲೇ ಮನೆಗೆ ವಾಪಸಾಗಿದ್ದೆ. ಅಮ್ಮ, "ಕೋತಿಗಳನ್ನ ನೋಡೋದಕ್ಕೆ ಇಷ್ಟು ಒದ್ದಾಡ್ತೀಯಲ್ಲೇ" ಎನ್ನುತ್ತಿದ್ದಳು.

ಕತ್ತೆಕಿರುಬದ ಪಂಜರದ ಮುಂದೆ ಯಾರೂ ನಿಲ್ಲುತ್ತಿರಲಿಲ್ಲ. ಮೂಗು ಹಿಡಿದು, "ಏ, ಇದು ನಾಯಿನಾ?" ಎಂದು ಕೇಳಿ ಮುಂದೆ ಹೋಗುತ್ತಿದ್ದರು. ನಿಲ್ಲುವ ಮಕ್ಕಳು "ನಗಿಸಿ, ನಗಿಸಿ" ಎಂದು ಕೂಗುತ್ತಿದ್ದರು. ನಗುವಂತೆ ಕೂಗುವುದು ಆಫ್ರಿಕಾದ ಚುಕ್ಕೆಯವು, ನಮ್ಮ ನಾಡಿನ ಪಟ್ಟೆಯ ಕತ್ತೆಕಿರುಬ ಹೆಚ್ಚಾಗಿ ಸುಮ್ಮನೆ ಇರುವ ಪ್ರಾಣಿ ಎಂದು ನಾನು ಎಷ್ಟು ಹೇಳಿದರೂ ಅವರಿಗೆ ನಿರಾಸೆಯೇ. ಬೋರ್ಡಿನ ಮೇಲೆ ಅವಳ ಹೆಸರು ರಾಣಿ ಎಂದಿತ್ತು. ಅವಳನ್ನು ನೋಡಿಕೊಳ್ಳುತ್ತಿದ್ದ ಯಮನೂರಪ್ಪ ಮಾತ್ರ ಕೆಂಚಿ ಎಂದು ಕರೆಯುತ್ತಿದ್ದ. ಅವಳು ತಿರುಗುತ್ತಿದ್ದುದೂ ಆ ಹೆಸರಿಗೇ.

ಯಮನೂರಪ್ಪನಿಗೆ ಐವತ್ತರ ಮೇಲೆ ವಯಸ್ಸು. ಕೊಪ್ಪಳದ ಕಡೆಯವನು. ಕಟ್ಟಡದ ಕೆಲಸಕ್ಕೆಂದು ಮುಂಬೈಗೆ ಬಂದು, ಬೆನ್ನಿಗೆ ಪೆಟ್ಟಾದ ಮೇಲೆ ಇಲ್ಲಿ ಗುಡಿಸುವ ಕೆಲಸಕ್ಕೆ ಸೇರಿದ್ದ. ವಾಸನೆಯ ಪ್ರಾಣಿಯ ಹತ್ತಿರ ಬೇರೆ ಯಾರೂ ಹೋಗಲು ಒಪ್ಪದೆ ಅವಳು ಇವನ ಪಾಲಿಗೆ ಬಂದಿದ್ದಳು. ನಾನು ಕನ್ನಡದಲ್ಲಿ ಮಾತಾಡಿಸಿದ ಮೊದಲ ದಿನ ಪೊರಕೆ ಕೆಳಗಿಟ್ಟು ನಕ್ಕ.

"ಕನ್ನಡದವ್ರೇನ್ರೀ ಮೇಡಂರ? ಹನ್ನೊಂದು ವರ್ಷ ಆತು ನೋಡ್ರಿ, ಇಲ್ಲಿ ಕೆಂಚಿ ಕೂಡ ಬಿಟ್ರ ಯಾರ ಕೂಡಾನೂ ನಾ ಕನ್ನಡ ಮಾತಾಡಿಲ್ಲ."

ಅವಳಿಗೆ ಊಟ ಹಾಕುವ ಹೊತ್ತಿಗೆ ನಾನು ಹೋಗಿ ನಿಲ್ಲತೊಡಗಿದೆ. ಎಮ್ಮೆಯ ತೊಡೆಯ ಎಲುಬನ್ನು ಕಬ್ಬಿನ ತುಂಡು ಮುರಿದಂತೆ ಮುರಿಯುತ್ತಿದ್ದಳು. ಹೊಸಬರು ಬಂದರೆ ಬೆನ್ನ ಮೇಲಿನ ಜೂಲು ನಿಮಿರಿ ಎರಡರಷ್ಟು ದೊಡ್ಡದಾಗಿ ಕಾಣುತ್ತಿದ್ದಳು. ಯಮನೂರಪ್ಪ "ಸುಮ್ಕಿರವ್ವಾ" ಎಂದರೆ ಅದು ಮೆಲ್ಲಗೆ ಇಳಿಯುತ್ತಿತ್ತು. ಬೆಳಿಗ್ಗೆ ಅವಳ ಹಿಕ್ಕೆ ಸುಣ್ಣದಂತೆ ಬೆಳ್ಳಗಿದ್ದರೆ ಎಲುಬು ಚೆನ್ನಾಗಿ ಅರಗಿದೆ ಎಂದು ಅವನಿಗೆ ಸಮಾಧಾನ. ನನ್ನ ಎಂ.ಎಸ್ಸಿ. ಪುಸ್ತಕದಲ್ಲಿ ಇಲ್ಲದ ಎಷ್ಟೋ ಸಂಗತಿ ಅವನ ಬಳಿ ಇದ್ದವು.

ಜುಲೈನ ಒಂದು ಮಧ್ಯಾಹ್ನ, ಮಳೆಗೆ ಯಾರೂ ಬಾರದ ದಿನ, ತಗಡಿನ ಚಪ್ಪರದ ಕೆಳಗೆ ನಿಂತು ಅವನು ತನ್ನ ಬಾಲ್ಯದ ಮಾತು ಹೇಳಿದ. ಅವನಪ್ಪ ಕುರಿ ಕಾಯುತ್ತಿದ್ದ. ಕತ್ತೆಕಿರುಬ ಒಂದು ಮರಿ ಎತ್ತಿಕೊಂಡು ಹೋಯಿತೆಂದು ಹಟ್ಟಿಯ ಜನರೆಲ್ಲ ಸೇರಿ ಗುಡ್ಡದ ಗವಿಯೊಂದಕ್ಕೆ ಹೊಗೆ ಹಾಕಿದರು. ಹತ್ತು ವರ್ಷದ ಯಮನೂರಪ್ಪನ ಕೈಗೆ ಗೋಣಿಚೀಲ ಕೊಟ್ಟು ಬಾಯಿ ಹಿಡಿದು ನಿಲ್ಲಲು ಹೇಳಿದರು.

"ಮೂರು ಮರಿ ಹೊರಗ ಬಂದ್ವು ರೀ. ಕಣ್ಣು ಉರದು ಅವಕ್ಕೇನೂ ಕಾಣಾಕತ್ತಿರಲಿಲ್ಲ. ಸೀದಾ ನನ್ನ ಚೀಲದಾಗ ಬಂದು ಹೊಕ್ವು. ಆಸರಾ ಸಿಕ್ಕತು ಅಂತ ತಿಳ್ಕೊಂಡಿರಬೇಕು." ತೋಯ್ದ ಪೊರಕೆಯನ್ನು ಕಂಬಕ್ಕೆ ಒರಗಿಸಿದ. "ಕುರಿಮರಿ ಒಯ್ದಿದ್ದು ಕತ್ತಿಕಿರುಬನೋ ತ್ವಾಳನೋ ಯಾರಿಗೆ ಗೊತ್ರೀ?"

ಆ ಮಾತು ಕೇಳಿದ ವಾರವೇ ನಾನು ಟ್ರಸ್ಟಿನ ಸೆಕ್ರೆಟರಿಯವರ ಮುಂದೆ ಕೂತು ಹೇಳಿದೆ: ವರ್ಷಕ್ಕೊಮ್ಮೆ ಮಾಡುವ ಜಾಗೃತಿ ದಿನವನ್ನು ಈ ಸಲ ಕತ್ತೆಕಿರುಬಕ್ಕಾಗಿ ಮಾಡೋಣ. ಹುಲಿ, ಆನೆಗಳಿಗೆ ಎಲ್ಲರೂ ಮಾಡುತ್ತಾರೆ. ಜನ ಹೆದರಿ, ಅಸಹ್ಯಪಟ್ಟು ಕೊಲ್ಲುವ ಈ ಪ್ರಾಣಿ ಕುರುಚಲು ಕಾಡಿನಿಂದ ಸದ್ದಿಲ್ಲದೆ ಕಡಿಮೆಯಾಗುತ್ತಿದೆ. ಸೆಕ್ರೆಟರಿ ಮೆದುಮಾತಿನ ಹಿರಿಯರು. ಮೊದಲು ನಕ್ಕರು. ಆಮೇಲೆ ಅಂಧೇರಿಯ ಕಂಪನಿಯೊಂದಕ್ಕೆ ಈ ಹೊಸ ವಿಚಾರ ಇಷ್ಟವಾಗಿ, ಖರ್ಚು ತಾವು ನೋಡಿಕೊಳ್ಳುತ್ತೇವೆ ಎಂದಾಗ ಒಪ್ಪಿದರು. ಗಣಪತಿ ಹಬ್ಬ ಮುಗಿದ ಮೇಲಿನ ಒಂದು ಶನಿವಾರ ಗೊತ್ತಾಯಿತು.

ನಾನು ಹಾರಾಡಿಬಿಟ್ಟೆ. ನಾಲ್ಕು ಶಾಲೆಗಳಿಗೆ ಆಹ್ವಾನ ಕಳಿಸಿದೆ. ಅದರಲ್ಲಿ ಒಂದು ಜೋಗೇಶ್ವರಿಯ ಕನ್ನಡ ಮಾಧ್ಯಮದ ಶಾಲೆ. ಅಲ್ಲಿಗೆ ನಾನೇ ಹೋಗಿ ಟೀಚರ್ ಒಬ್ಬರನ್ನು ಒಪ್ಪಿಸಿ ಬಂದೆ. ಟೀ ಶರ್ಟು, ಬ್ಯಾನರು, ಮುಖವಾಡ, ಕ್ವಿಜ್. ಪಂಜರದ ಗೋಡೆಗೆ ಬಯಲುಸೀಮೆಯ ಗುಡ್ಡದ ಚಿತ್ರ ಬರೆಸುವುದೂ ನನ್ನದೇ ಯೋಚನೆ. ಅದಕ್ಕಾಗಿ ಕೆಂಚಿಯನ್ನು ಎಂಟು ದಿನ ಹಿಂಬದಿಯ ಸಣ್ಣ ಪಂಜರಕ್ಕೆ ಸಾಗಿಸಬೇಕಾಯಿತು. ಅದರ ಮೇಲೆ ತಗಡಿನ ಮಾಡು. ಒಂದು ಕಡೆಯಿಂದ ಇರಚಲು ಹೊಡೆಯುತ್ತಿತ್ತು.

"ಬ್ಯಾಡ್ರೀ ಮೇಡಂರ," ಎಂದ ಯಮನೂರಪ್ಪ. "ಆಕಿಗೆ ವಯಸ್ಸಾಗೇತಿ. ಜಾಗ ಬದಲಾದ್ರ ಆಕಿ ಉಣ್ಣಂಗಿಲ್ಲ."

"ಎಂಟೇ ದಿನ ಯಮನೂರಪ್ಪ. ಆಮೇಲೆ ಅವಳಿಗೆ ಅರಮನೆ ಥರ ಇರುತ್ತೆ, ನೋಡ್ತಿರಿ."

ಮೂರನೆಯ ದಿನಕ್ಕೆ ಅವಳು ಊಟ ಬಿಟ್ಟಳು. ತಗಡಿನ ಮೇಲೆ ಮಳೆ ಬೀಳುವ ಸದ್ದು, ಪೇಂಟಿನ ವಾಸನೆ, ಪೆಂಡಾಲಿನವರು ಲೌಡ್‌ಸ್ಪೀಕರ್ ಪರೀಕ್ಷೆಗೆ ಹಾಕುತ್ತಿದ್ದ ಹಾಡು. ಮೂಲೆಯಲ್ಲಿ ಮುದುಡಿ ಮಲಗಿರುತ್ತಿದ್ದಳು. ಯಮನೂರಪ್ಪ ಎಲುಬನ್ನು ತಾನೇ ಸುತ್ತಿಗೆಯಿಂದ ಜಜ್ಜಿ, ಒಳಗಿನ ಮಜ್ಜೆ ತೆಗೆದು ಕೋಲಿನ ತುದಿಗೆ ಹಚ್ಚಿ ಬಾಯಿಗೆ ಹಿಡಿಯುತ್ತಿದ್ದ. ನೆಕ್ಕಿ ಬಿಟ್ಟುಬಿಡುತ್ತಿದ್ದಳು.

ಪಶುವೈದ್ಯರು ಪ್ರತಿ ಗುರುವಾರ ಬರುತ್ತಿದ್ದರು. ಆ ಗುರುವಾರ ನಾನು ಬ್ಯಾನರಿಗಾಗಿ ಅಂಧೇರಿಯ ಪ್ರಿಂಟರ್ ಅಂಗಡಿಯಲ್ಲಿದ್ದೆ. ಫೋನ್ ಬಂತು. ಡಾಕ್ಟರ್ ಹೇಳಿದ್ದು ನನಗೆ ಇವತ್ತಿಗೂ ಒಂದು ಶಬ್ದ ಬಿಡದೆ ನೆನಪಿದೆ. ಅವಳ ಎದೆಯಲ್ಲಿ ಸ್ವಲ್ಪ ಗೊರಗೊರ ಇದೆ, ಇಂಜೆಕ್ಷನ್ ಕೊಟ್ಟಿದ್ದೇನೆ, ಆದರೆ ಇವತ್ತೇ ಹಳೆಯ ಪಂಜರಕ್ಕೆ ಬಿಟ್ಟು ವಾರದ ಮಟ್ಟಿಗೆ ಯಾರನ್ನೂ ಹತ್ತಿರ ಬಿಡದಿದ್ದರೆ ಒಳ್ಳೆಯದು, ಕಾರ್ಯಕ್ರಮ ಮುಂದಕ್ಕೆ ಹಾಕಲು ಆಗುತ್ತದೆಯೇ, ಸೆಕ್ರೆಟರಿಯವರನ್ನು ಕೇಳಿ ನೋಡಿ ಎಂದರು. ನನ್ನೆದುರಿಗೆ ಮೆಷಿನ್ನಿನಿಂದ ಬ್ಯಾನರ್ ಹೊರಬರುತ್ತಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ನನ್ನ ಹೆಸರೂ ಇತ್ತು.

"ಶನಿವಾರ ಒಂದು ಆಗಿಬಿಡಲಿ ಡಾಕ್ಟರ್. ಆಮೇಲೆ ಹದಿನೈದು ದಿನ ಆ ಕಡೆ ಯಾರನ್ನೂ ಬಿಡೋದಿಲ್ಲ," ಎಂದೆ.

ಸೆಕ್ರೆಟರಿಯವರನ್ನು ನಾನು ಕೇಳಲೇ ಇಲ್ಲ. ಕೇಳಿದ್ದರೆ ಒಪ್ಪುತ್ತಿದ್ದರೋ ಏನೋ. ಆ ಮನುಷ್ಯನ ಬಗ್ಗೆ ಏನೇ ಹೇಳಿದರೂ ಈ ಒಂದು ವಿಷಯದಲ್ಲಿ ತಪ್ಪು ನನ್ನದು.

ಶನಿವಾರ ಬೆಳಿಗ್ಗೆ ಏಳಕ್ಕೆ ಹೋದೆ. ಮಳೆ ಜಿನುಗುತ್ತಿತ್ತು. ಯಮನೂರಪ್ಪ ಸಣ್ಣ ಪಂಜರದ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದ. ಕಂಬಿಯೊಳಗೆ ಕೈ ಹಾಕಿ ಅವಳ ಜೂಲಿನ ಮೇಲೆ ಇಟ್ಟಿದ್ದ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅವನು ಹಾಗೆ ಕೈ ಹಾಕಿರಲಿಲ್ಲ. ಪ್ರಾಣಿ ಎಷ್ಟೇ ಪಳಗಿದರೂ ಕೈ ಮಾತ್ರ ಒಳಗೆ ಹೋಗಬಾರದು ಎಂದು ನನಗೆ ಹೇಳಿಕೊಟ್ಟವನೇ ಅವನು. ಆ ಕೈ ನೋಡಿಯೇ ನನಗೆ ಗೊತ್ತಾಯಿತು.

"ಹೋದಳ್ರೀ," ಎಂದ. "ಈಗ ಒಂದು ತಾಸಾತು. ಮೈ ಇನ್ನೂ ಬೆಚ್ಚಗೈತಿ."

ಎಂಟಕ್ಕೆ ಸೆಕ್ರೆಟರಿ ಬಂದರು. ವಿಷಯ ಹೇಳಿದೆ. ಆಫೀಸಿನಲ್ಲಿ ಅತ್ತಿಂದಿತ್ತ ಓಡಾಡಿದರು. ಹತ್ತಕ್ಕೆ ನಾಲ್ಕು ಶಾಲೆಯ ಬಸ್ಸು, ಕಂಪನಿಯವರು, ಮುಖ್ಯ ಅತಿಥಿ. ಕೊನೆಗೆ ಕೂತು ನಿಧಾನವಾಗಿ ಹೇಳಿದರು: "ನಾವು ಏನನ್ನೂ ಮುಚ್ಚಿಡುತ್ತಿಲ್ಲ. ಸೋಮವಾರ ಅರಣ್ಯ ಇಲಾಖೆಗೆ ರಿಪೋರ್ಟ್ ಹೋಗುತ್ತದೆ. ಇವತ್ತೊಂದು ದಿನ ಮಕ್ಕಳ ಮನಸ್ಸು ಕೆಡಿಸುವುದು ಬೇಡ. ವಿಶ್ರಾಂತಿ ತೆಗೆದುಕೊಳ್ಳುತ್ತಿದ್ದಾಳೆ ಎಂದು ಒಂದು ಬೋರ್ಡ್ ಹಾಕು."

ಹಾಕಿದೆ. ಹಿಂದಿ, ಮರಾಠಿ, ಇಂಗ್ಲಿಷ್ ಮೂರರಲ್ಲೂ ನನ್ನ ಕೈಯಿಂದಲೇ ಟೈಪು ಮಾಡಿದೆ. ಕನ್ನಡದಲ್ಲಿ ಬರೆಯುವ ಅಗತ್ಯ ಬೀಳಲಿಲ್ಲವೆಂದು ಆ ಗಡಿಬಿಡಿಯಲ್ಲೂ ಒಂದು ಬಗೆಯ ನಿರಾಳ ಆಗಿದ್ದು ನೆನಪಿದೆ.

ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು ಎನ್ನಬೇಕು. ಮಕ್ಕಳು ಕತ್ತೆಕಿರುಬದ ಮುಖವಾಡ ಹಾಕಿಕೊಂಡು ಓಡಾಡಿದರು. ಸತ್ತ ಪ್ರಾಣಿಗಳನ್ನು ತಿಂದು ಕಾಡನ್ನು ಸ್ವಚ್ಛವಾಗಿಡುವ ಜಾಡಮಾಲಿ ಇದು, ಇದನ್ನು ಕೊಂದರೆ ರೋಗ ಹಬ್ಬುತ್ತದೆ ಎಂದು ನಾನು ಮೈಕಿನಲ್ಲಿ ಹೇಳಿದೆ. ಹಸಿ ಪೇಂಟಿನ ಗುಡ್ಡದ ಮುಂದೆ, ಖಾಲಿ ಪಂಜರಕ್ಕೆ ಬೆನ್ನು ಮಾಡಿ ಎಲ್ಲರೂ ಫೋಟೊ ತೆಗೆಸಿಕೊಂಡರು. ಕಾರ್ಯಕ್ರಮಪಟ್ಟಿಯಲ್ಲಿ ಕೊನೆಗೆ ಯಮನೂರಪ್ಪನಿಗೆ ಸನ್ಮಾನ ಇತ್ತು. ಅದನ್ನು ಬಿಟ್ಟುಬಿಡೋಣ ಎಂದು ನಾನು ಸೆಕ್ರೆಟರಿಯವರ ಕಿವಿಯಲ್ಲಿ ಹೇಳಿದ್ದೆ. ಆದರೆ ಮುಖ್ಯ ಅತಿಥಿಯವರೇ ಪಟ್ಟಿ ನೋಡಿ ಹೆಸರು ಕರೆದುಬಿಟ್ಟರು. ಯಮನೂರಪ್ಪ ಕತ್ತೆಕಿರುಬದ ಚಿತ್ರವಿದ್ದ ಹೊಸ ಟೀ ಶರ್ಟಿನಲ್ಲಿ ಬಂದು ನಿಂತ. ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟರು. ಕಂಪನಿಯ ಹುಡುಗಿಯೊಬ್ಬಳು "ದೋ ಶಬ್ದ್, ದೋ ಶಬ್ದ್" ಎಂದು ಎರಡು ಮಾತಾಡಲು ಒತ್ತಾಯಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು.

"ನನ್ನ ಭಾಷಾದಾಗ ಹೇಳ್ತೀನ್ರೀ," ಎಂದು ಅವನು ನನ್ನ ಕಡೆ ನೋಡಿದ. ಅದನ್ನು ಹಿಂದಿಯಲ್ಲಿ ತಿಳಿಸಿದೆ.

"ಹೇಳಲಿ, ಹೇಳಲಿ. ಮೇಡಮ್ ಹಿಂದಿಯಲ್ಲಿ ತಿಳಿಸುತ್ತಾರೆ," ಎಂದರು ಮುಖ್ಯ ಅತಿಥಿ.

ಮೈಕು ನಮ್ಮಿಬ್ಬರ ನಡುವೆ ಇತ್ತು. ಅವನು ಗಂಟಲು ಸರಿಮಾಡಿಕೊಂಡ.

"ಎಲ್ಲಾರಿಗೂ ನಮಸ್ಕಾರ ರೀ. ನಮ್ಮ ಕಡೆ ಮಂದಿ ಈ ಪ್ರಾಣಿಗೆ ಭಾಳ ಅಂಜತಾರ. ಕಂಡಲ್ಲಿ ಹೊಡೀತಾರ. ನಾನೂ ಸಣ್ಣಾಂವಿದ್ದಾಗ ಇದರ ಮರಿ ಕೊಲ್ಲಾಕ ಚೀಲ ಹಿಡದೀನಿ."

ಅದನ್ನು ಇದ್ದ ಹಾಗೆಯೇ ಹಿಂದಿಯಲ್ಲಿ ಹೇಳಿದೆ. ಸಭೆ ಅಯ್ಯೋ ಎಂದಿತು.

"ಇಲ್ಲಿಗೆ ಬಂದ ಮ್ಯಾಲೆ ಹನ್ನೊಂದು ವರ್ಷ ಕೆಂಚಿಗೆ ಕೂಳು ಹಾಕೀನಿ. ಇವತ್ತು ಮುಂಜಾನೆ ಆಕಿ ಸತ್ತಳು. ಅಲ್ಲಿ ಒಳಗ ಯಾರೂ ಮಲಗಿಲ್ಲ ರೀ, ಬರೇ ಹುಲ್ಲು ಐತಿ. ಮಕ್ಕಳಿಗೆ ಸುಳ್ಳು ಹೇಳಬಾರದು. ಅದಕ್ಕ ಹೇಳಾಕತ್ತೀನಿ."

ಅವನು ಮಾತು ನಿಲ್ಲಿಸಿ ನನಗಾಗಿ ಕಾದ. ಸೆಕ್ರೆಟರಿಯವರಿಗೆ ಕನ್ನಡ ಬಾರದು. ಆದರೂ ಏನೋ ಅಂದಾಜಾಗಿ ನನ್ನನ್ನೇ ನೋಡುತ್ತಿದ್ದರು. ನನಗೆ ಯೋಚಿಸಲು ಸಮಯ ಇರಲಿಲ್ಲ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜವಲ್ಲ. ಸಮಯ ಬೇಕಾದಷ್ಟಿತ್ತು.

"ಇವರು ಹನ್ನೊಂದು ವರ್ಷದಿಂದ ರಾಣಿಯನ್ನು ಮಗಳಂತೆ ಸಾಕಿದ್ದಾರೆ," ಎಂದು ಹಿಂದಿಯಲ್ಲಿ ಹೇಳಿದೆ. "ಇವತ್ತು ಅವಳು ಮಲಗಿದ್ದಾಳೆ, ಗದ್ದಲ ಮಾಡಿ ಎಬ್ಬಿಸಬೇಡಿ ಎಂದು ಮಕ್ಕಳಲ್ಲಿ ಕೇಳಿಕೊಳ್ಳುತ್ತಿದ್ದಾರೆ."

ಜೋರು ಚಪ್ಪಾಳೆ. ಯಮನೂರಪ್ಪ ಇಪ್ಪತ್ತು ವರ್ಷ ಈ ಊರಲ್ಲಿ ದುಡಿದವನು, ಹಿಂದಿಯ ಒಂದೊಂದು ಶಬ್ದವೂ ಅವನಿಗೆ ತಿಳಿಯುತ್ತದೆ. ನನ್ನ ಮುಖ ನೋಡಿದ. ಕೋಪ ಇರಲಿಲ್ಲ. ದಾರಿಯಲ್ಲಿ ಯಾರನ್ನೋ ಪರಿಚಯದವರೆಂದು ಕರೆದು, ತಿರುಗಿದಾಗ ಬೇರೆ ಯಾರೋ ಆಗಿದ್ದರೆ ನೋಡುತ್ತಾರಲ್ಲ, ಹಾಗೆ ನೋಡಿದ.

ಮೂರನೆಯ, ನಾಲ್ಕನೆಯ ಸಾಲುಗಳಲ್ಲಿ ಚಪ್ಪಾಳೆ ಇರಲಿಲ್ಲ. ಕನ್ನಡ ಶಾಲೆಯ ನಲವತ್ತು ಮಕ್ಕಳು ಮುಖವಾಡಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ಆರನೆಯ ಕ್ಲಾಸಿನ ಒಬ್ಬ ಹುಡುಗಿ ಎದ್ದು ನಿಂತು ತನ್ನ ಟೀಚರನ್ನು ಕೇಳಿದಳು: "ಟೀಚರ್, ಅಂಕಲ್ ಅದು ಸತ್ತೋಯ್ತು ಅಂದ್ರು ನಾ? ಮತ್ತೆ ಮೇಡಮ್ ಯಾಕೆ..." ಟೀಚರ್ ಅವಳ ಭುಜ ಹಿಡಿದು ಕೂರಿಸಿದರು. ನನ್ನ ಕಡೆ ನೋಡಲಿಲ್ಲ. ನಾನು ಕ್ವಿಜ್ ಶುರು ಮಾಡಿದೆ. ಆ ಸಾಲುಗಳಿಂದ ಒಂದು ಕೈಯೂ ಮೇಲೇಳಲಿಲ್ಲ. ಯಮನೂರಪ್ಪ ಶಾಲನ್ನು ಮಡಚಿ ಕುರ್ಚಿಯ ಮೇಲಿಟ್ಟು, ಅದರ ಮೇಲೆ ತೆಂಗಿನಕಾಯಿ ಇಟ್ಟು ಇಳಿದುಹೋದ.

ಸೋಮವಾರ ರಿಪೋರ್ಟ್ ಹೋಯಿತು. ಎರಡು ದಿನ ಐಸಿನಲ್ಲಿಟ್ಟಿದ್ದ ಅವಳನ್ನು ಟೆಂಪೋದಲ್ಲಿ ಮರಣೋತ್ತರ ಪರೀಕ್ಷೆಗೆ ಒಯ್ದರು. ವಯಸ್ಸು ಮತ್ತು ನ್ಯುಮೋನಿಯಾ ಎಂದು ಬಂತು. ಹಳೆಯ ಪಂಜರದಲ್ಲೇ ಇದ್ದಿದ್ದರೆ ಬದುಕುತ್ತಿದ್ದಳೇ ಎಂದು ಡಾಕ್ಟರನ್ನು ಕೇಳಿದೆ. ಹೇಳಲಾಗದು ಎಂದರು. ಅವರು ಹೌದು ಎಂದಿದ್ದರೂ ಇಷ್ಟು ಹಿಂಸೆ ಆಗುತ್ತಿರಲಿಲ್ಲ.

ಯಮನೂರಪ್ಪ ಸಣ್ಣ ಪಂಜರಕ್ಕೆ ಫಿನಾಯಿಲ್ ಹಾಕಿ ತೊಳೆಯುತ್ತಿದ್ದ. ಕ್ಷಮಿಸಿ ಎಂದೆ. ಡಾಕ್ಟರ್ ಫೋನ್ ಮಾಡಿದ ವಿಷಯವನ್ನೂ ಹೇಳಿದೆ. ಅವನಿಗೆ ಗೊತ್ತಿತ್ತು, ಡಾಕ್ಟರ್ ಮಾತಾಡುವಾಗ ಪಕ್ಕದಲ್ಲೇ ಇದ್ದನಂತೆ. ಬಕೆಟ್ ಕೆಳಗಿಟ್ಟ.

"ಹಿಂದಿಯೊಳಗ ನಾನ ಹೇಳಬಹುದಿತ್ರೀ. ನನಗ ಬರತೈತಿ. ಆದ್ರ ಆಕಿ ಸತ್ತ ಮಾತು ನನ್ನ ಮಾತಿನ್ಯಾಗ ಹೇಳಬೇಕನಿಸ್ತು. ನೀವು ಓದಿದವ್ರು, ನೀವು ಹೇಳಿದ್ರ ನಂಬತಾರ ಅಂತ ನಿಮ್ಮ ಬಾಯಾಗ ಕೊಟ್ಟೆ."

ಮತ್ತೆ ಬಕೆಟ್ ಎತ್ತಿಕೊಂಡ.

ಆ ವಾರ ನಾನು ಸರಿಯಾಗಿ ಉಣ್ಣಲಿಲ್ಲ. ಶುಕ್ರವಾರ ರಜೆ ಹಾಕಿ ಜೋಗೇಶ್ವರಿಯ ಕನ್ನಡ ಶಾಲೆಗೆ ಹೋದೆ. ಟೀಚರ್ ಬಾಗಿಲಲ್ಲೇ ನಿಲ್ಲಿಸಿ, "ಏನು ಹೇಳಬೇಕು ಅಂತಿದ್ದೀರಿ?" ಎಂದರು. ಹೇಳಿದೆ. ಸ್ವಲ್ಪ ಯೋಚಿಸಿ ಒಳಗೆ ಬಿಟ್ಟರು. ನಲವತ್ತು ಮಕ್ಕಳ ಮುಂದೆ ನಿಂತು, ಅಂಕಲ್ ಹೇಳಿದ್ದೇ ಸತ್ಯ, ನಾನು ಸುಳ್ಳು ಹೇಳಿದೆ ಎಂದೆ. ಅವಳು ಹೇಗೆ ಸತ್ತಳು, ಸಣ್ಣ ಪಂಜರ, ಮಳೆ, ಡಾಕ್ಟರ್ ಹೇಳಿದ್ದು, ನಾನು ಮುಚ್ಚಿಟ್ಟಿದ್ದು, ಎಲ್ಲ ಹೇಳಿದೆ. ನನ್ನ ಕನ್ನಡ ಅಲ್ಲಲ್ಲಿ ತಡವರಿಸಿತು. ಮಕ್ಕಳು ಮಿಸುಕಾಡದೆ ಕೇಳಿದರು. ಮುಗಿಯಿತು, ಇನ್ನು ಹೊರಡಬಹುದು ಎಂದುಕೊಂಡಾಗ ಅದೇ ಹುಡುಗಿ ಕೈಯೆತ್ತಿದಳು.

"ಮೇಡಮ್, ಹಿಂದಿ ಸ್ಕೂಲಿನವ್ರಿಗೂ ಹೇಳಿದ್ರಾ?"

"ಇಲ್ಲ," ಎಂದೆ.

"ಅವ್ರಿಗೆ ಇನ್ನೂ ಮಲ್ಕೊಂಡಿದೆ ಅಂತಾನೇ ಗೊತ್ತಲ್ವಾ?"

ಆ ರಾತ್ರಿ ಉಳಿದ ಮೂರು ಶಾಲೆಗಳಿಗೂ ಪತ್ರ ಬರೆದೆ. ನನ್ನ ಹೆಸರಿನಲ್ಲಿ, ಯಾರನ್ನೂ ದೂರದೆ, ಆದದ್ದನ್ನು ಆದಂತೆ. ಕಂಪನಿಗೂ ಒಂದು ಪ್ರತಿ. ಒಂದು ಶಾಲೆಯವರು ಉತ್ತರ ಬರೆದರು, ಇನ್ನೊಂದು ಶಾಲೆಯವರು ಇನ್ನು ಮುಂದೆ ಬರುವುದಿಲ್ಲ ಎಂದು ಸೆಕ್ರೆಟರಿಗೆ ಫೋನ್ ಮಾಡಿದರು, ಮೂರನೆಯವರು ಏನೂ ಹೇಳಲಿಲ್ಲ. ಸೆಕ್ರೆಟರಿ ಕೂಗಾಡಲಿಲ್ಲ. "ನೀನು ನನ್ನನ್ನು ಒಂದು ಸಲ ಕೇಳಬಹುದಿತ್ತು," ಎಂದರು. ಪತ್ರದ ಬಗ್ಗೆಯೋ ಕಾರ್ಯಕ್ರಮ ಮುಂದೂಡುವ ಬಗ್ಗೆಯೋ ನನಗೆ ತಿಳಿಯಲಿಲ್ಲ. ದೀಪಾವಳಿಗೆ ಮುಂಚೆ ಕೆಲಸ ಬಿಟ್ಟೆ.

ಹೊರಡುವ ದಿನ ಯಮನೂರಪ್ಪ ಗೇಟಿನ ತನಕ ಬಂದ. ನೀವೂ ಬೇರೆ ಕಡೆ ನೋಡಿಕೊಳ್ಳಿ, ನನಗೆ ಗೊತ್ತಿರುವವರಿದ್ದಾರೆ, ಕೇಳುತ್ತೇನೆ ಎಂದೆ.

"ಇಲ್ರೀ, ನಾ ಇಲ್ಲೇ ಇರ್ತೀನಿ," ಎಂದ. "ಇನ್ನೊಂದು ಕತ್ತಿಕಿರುಬ ತರ್ತಾರಂತ. ಗಂಡಂತ, ಎಲ್ಲೋ ಉರುಲಿಗೆ ಸಿಕ್ಕು ಮುಂದಿನ ಕಾಲು ಕಳಕೊಂಡೈತಂತ. ಮನಷ್ಯಾರನ್ನ ಕಂಡ್ರ ಹೌಹಾರತೈತಂತ ಅದು. ಅದಕ್ಕೊಬ್ಬರು ಬೇಕಲ್ರೀ."

ಶೇರ್ ರಿಕ್ಷಾ ಬಂತು. ನಾನು ಹತ್ತಿ ಕೂತೆ. ಅವನು ಬಗ್ಗಿ ಒಳಗೆ ನೋಡಿ, ಅದೇ ಮೊದಲ ಸಲ ಮೇಡಂರ ಎನ್ನದೆ, "ಹುಷಾರಾಗಿ ಹೋಗು ತಂಗಿ," ಎಂದ. ನಾನು ಹೂಂ ಎನ್ನುವಷ್ಟರಲ್ಲಿ ತಿರುಗಿ, ಬೆನ್ನು ನೋವಿನ ಆ ನಡಿಗೆಯಲ್ಲಿ ಒಳಗೆ ಹೋಗಿಯಾಗಿತ್ತು. ಮೊಸಳೆಗಳ ಊಟದ ಹೊತ್ತಾಗಿತ್ತು.